ಕಲ್ಲು ಕುಟ್ಟೋಕೂ ಕಾಲೇಜೇ?

ಬೂವನಹಳ್ಳಿ ಅಂದರೆ ಜಿಲ್ಲೆಯ ಜನಕ್ಕೆ ವಿಮಾನ ನಿಲ್ದಾಣ. 2007ರಲ್ಲಿ ಅಡಿಗಲ್ಲು ಬಿದ್ದಾಗಿನಿಂದ ಆ ಊರಿನ ಹೆಸರು ಪೇಪರಿಗೆ ಬರುವುದೇ ಅದರಿಂದ. ಆದರೆ ಪಿಯುಸಿ ಫಲಿತಾಂಶ ಬಂದ ತಿಂಗಳಲ್ಲಿ ಇಂಥ ಊರುಗಳ ಜಗಲಿ ಮೇಲಿನ ಮಾತೇ ಬೇರೆ. ಇಂಜಿನಿಯರಿಂಗೋ, ನರ್ಸಿಂಗೋ, ಬಿ.ಕಾಮೋ? ನಡುವೆ ಹುಡುಗನೊಬ್ಬ ‘ಶಿಲ್ಪಕಲೆ ಓದ್ತೀನಿ’ ಅಂದನೋ, ಅಪ್ಪ ಕೂತಲ್ಲಿಂದ ಎದ್ದೇ ಬಿಡುತ್ತಾನೆ: ‘ಕಲ್ ಕುಟ್ಟೋಕೂ ಕಾಲೇಜೇನ್ಲಾ?’

ಅಪ್ಪನದು ದಡ್ಡ ಪ್ರಶ್ನೆಯೇನಲ್ಲ. ಪಿಯುಸಿ ಆದ ಮೇಲೆ ದೃಶ್ಯಕಲೆ ಪದವಿಗೆ ನಾಲ್ಕು ವರ್ಷ. ಸ್ನಾತಕೋತ್ತರ ಅಂದರೆ ಮತ್ತೆರಡು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿಗೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೋ ಮಗನನ್ನು ಕಳಿಸಿ, ರೂಮು ಬಾಡಿಗೆ, ಊಟದ ಖರ್ಚು ಕೊಟ್ಟು ಆರು ವರ್ಷ ಕಾಯಬೇಕು. ಆಲೂಗಡ್ಡೆ ಬೆಲೆ ನಂಬಿ ಬದುಕೋ ಮನೆಯಲ್ಲಿ ಇದು ಸಣ್ಣ ಜೂಜಲ್ಲ.

ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜ್ ಓದಿದ್ದು ಎಂ.ಬಿ.ಎ. ಅಲ್ಲವೇ, ಶಿಲ್ಪದ ಡಿಗ್ರಿ ಯಾತಕ್ಕೆ ಅನ್ನುವವರೂ ಇದ್ದಾರೆ. ನಿಜವೇ. ಆದರೆ ಅವರ ಮನೆಯೇ ಐದು ತಲೆಮಾರಿನ ಪಾಠಶಾಲೆ. ಉಳಿ ಹಿಡಿಯುವುದನ್ನು ತಾತ, ಅಪ್ಪನ ಪಕ್ಕದಲ್ಲೇ ಕೂತು ಕಲಿತವರು ಅವರು. ರಾಗಿ ಹೊಲದ ರೈತನ ಮಗನಿಗೆ, ಕೂಲಿಯವಳ ಮಗಳಿಗೆ ಆ ತಾತ ಎಲ್ಲಿಂದ ಬರಬೇಕು? ಅಂಥವರಿಗೆ ಉಳಿ ಕೊಡುವ ಬಾಗಿಲು ಕಾಲೇಜೊಂದೇ. ದುಡ್ಡಿಲ್ಲದವರಿಗೆ ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಸಿ.ಇ. ಕಾಮತ್ ಸಂಸ್ಥೆ ಇದೆ. ಕಲ್ಲು, ಮರ, ಲೋಹದ ಕೆಲಸ ಉಚಿತವಾಗಿ ಕಲಿಸುತ್ತಾರೆ. ಡಿಗ್ರಿ ಸಿಗದು, ಕೈಕಸುಬು ಸಿಗುತ್ತದೆ.

ಮುಂದೆ ಹೊಟ್ಟೆಪಾಡು? ಸಂಬಳದ ಕುರ್ಚಿ ಕಮ್ಮಿ, ಅದನ್ನು ಮುಚ್ಚಿಡಬಾರದು. ಚಿತ್ರಕಲಾ ಮೇಷ್ಟರ ಹುದ್ದೆಗೆ ಅರ್ಜಿ ಕರೆದಾಗಲೇ ಪುಣ್ಯ. ದೇವಸ್ಥಾನದ ವಿಗ್ರಹ, ಸರ್ಕಲ್ಲಿನ ಕಂಚಿನ ಪ್ರತಿಮೆ, ಸಿನಿಮಾ ಸೆಟ್ಟು, ಕಾರಿನ ಕಂಪನಿಗೆ ಜೇಡಿಮಣ್ಣಿನ ಮಾದರಿ, ಕಂಪ್ಯೂಟರ್ ಆಟಕ್ಕೆ ಬೊಂಬೆ — ಹೀಗೆ ಕೆಲಸ ಚೂರುಚೂರಾಗಿ ಬರುತ್ತದೆ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿಯುವ ಕಸುಬು ಬೇರೆ. ಮುಖಕ್ಕೆ ಸರಿಯಾದ ಮಾಸ್ಕಿಲ್ಲದೆ ಗ್ರೈಂಡರ್ ಹಿಡಿಯಬಾರದು ಅಂತ ಮೊದಲ ದಿನವೇ ಹೇಳಿಕೊಡಬೇಕು.

ನಮ್ಮ ಜಿಲ್ಲೆಯಲ್ಲೇ ಬಿದ್ದಿರುವ ಇನ್ನೊಂದು ಕೆಲಸ ಮಾತ್ರ ಯಾರ ಕಣ್ಣಿಗೂ ಕಾಣುತ್ತಿಲ್ಲ. 2020ರ ನವೆಂಬರ್‌ನಲ್ಲಿ ದೊಡ್ಡಗದ್ದವಳ್ಳಿಯ ಹೊಯ್ಸಳ ದೇಗುಲದಲ್ಲಿ ಕಾಳಿಯ ವಿಗ್ರಹ ಒಡೆದು ಬಿತ್ತಲ್ಲ, ನೆನಪಿದೆಯೇ? ಕೇಂದ್ರ ಪುರಾತತ್ವ ಇಲಾಖೆಯವರು ಚೂರು ಜೋಡಿಸಿ ಮತ್ತೆ ನಿಲ್ಲಿಸಿದರು. ಅದು ಗೋಂದು ಹಚ್ಚೋ ಕೆಲಸವಲ್ಲ. ಬಳಪದ ಕಲ್ಲಿನ ಗುಣ ಗೊತ್ತಿರಬೇಕು, ಹೊಯ್ಸಳ ಶಿಲ್ಪಿಯ ಉಳಿ ಎತ್ತ ಓಡುತ್ತಿತ್ತು ಅನ್ನೋದು ಗೊತ್ತಿರಬೇಕು. ಬೇಲೂರು, ಹಳೇಬೀಡು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಇಂಥ ಕೈಗಳು ಇನ್ನೂ ಬೇಕು. ಆ ಕೈ ಹಾಸನದ್ದೇ ಆದರೆ ಯಾರಿಗೆ ನಷ್ಟ?

ಬೆಂಗಳೂರು ವಿಮಾನ ನಿಲ್ದಾಣದ 108 ಅಡಿ ಕೆಂಪೇಗೌಡರ ಪ್ರತಿಮೆ 2022ರಲ್ಲಿ ಅನಾವರಣಗೊಂಡಿತು. ಮಾಡಿದವರು ರಾಮ್ ಸುತಾರ್. ಮಹಾರಾಷ್ಟ್ರದ ಹಳ್ಳಿಯೊಂದರ ಬಡಗಿಯ ಮಗ, ಮುಂಬೈನ ಜೆ.ಜೆ. ಕಲಾ ಶಾಲೆಯಲ್ಲಿ ಓದಿ, ಪುರಾತತ್ವ ಇಲಾಖೆಯಲ್ಲಿ ಹಳೇ ಶಿಲ್ಪಗಳ ದುರಸ್ತಿ ಮಾಡುತ್ತಾ ಮೇಲೆ ಬಂದವರು. ಜಗಲಿ ಮೇಲಿನ ಅಪ್ಪಂದಿರಿಗೆ ಈ ಕಥೆ ಯಾರಾದರೂ ಹೇಳಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ದೇಗುಲದಲ್ಲಿ ಮಲ್ಲಿತಮ್ಮ, ಬೈಚೋಜ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿಕೊಂಡಿದ್ದಾರೆ. ಈಗಿನ ಪ್ರತಿಮೆಗಳ ಬುಡದಲ್ಲಿ ಅನಾವರಣ ಮಾಡಿದ ಮಂತ್ರಿಯ ಹೆಸರಿರುತ್ತದೆ, ಅಧ್ಯಕ್ಷರದ್ದಿರುತ್ತದೆ, ಶಿಲ್ಪಿಯದ್ದು ಹುಡುಕಬೇಕು!

ಬೂವನಹಳ್ಳಿ ನಿಲ್ದಾಣಕ್ಕೆ ಹೊಯ್ಸಳರ ಕಳೆ ಬೇಕು ಅನ್ನುವವರಿಗೆ ಒಂದು ಮಾತು. ಕಂತ್ರಾಟಿನಲ್ಲಿ ‘ಅಲಂಕಾರ’ ಅಂತ ಒಂದು ಸಾಲು ಸೇರಿಸಿ ಕೈತೊಳೆದುಕೊಂಡರೆ ಫೈಬರಿನ ಮದನಿಕೆ ಬಂದು ನಿಲ್ಲುತ್ತಾಳೆ. ಅದರ ಬದಲು ಕಲಾ ಕಾಲೇಜುಗಳಿಂದ ಮಾದರಿ ಕರೆಯಿರಿ, ಗೆದ್ದವರಿಗೆ ಕಲ್ಲು ಕೊಡಿ, ಕೂಲಿ ಕೊಡಿ, ಬುಡದಲ್ಲಿ ಅವರ ಹೆಸರು ಕೆತ್ತಲು ಜಾಗ ಬಿಡಿ.