ಹೊರದೇಶದ ಸರ್ಟಿಫಿಕೇಟು, ನಮ್ಮೂರಿನ ರಸ್ತೆ



ದಾವಣಗೆರೆಯ ಎಸ್.ಎಸ್. ಬಡಾವಣೆಯ ಅಗಲ ರಸ್ತೆಗಳಲ್ಲಿ ಸಂಜೆ ಹೊತ್ತು ಒಂದು ಸುತ್ತು ಹಾಕಿ ಬನ್ನಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾದ ಊರು ಇದು. ಇವತ್ತು ಇಲ್ಲಿ ಜರ್ಮನಿಯ, ಜಪಾನಿನ, ಇಂಗ್ಲೆಂಡಿನ ಹೆಸರು ಹೊತ್ತ ಕಾರುಗಳು ಮನೆ ಮುಂದೆ ನಿಲ್ಲುತ್ತವೆ. ದುಡ್ಡಿದ್ದವರು ಕೊಳ್ಳುತ್ತಾರೆ, ಓಡಿಸುತ್ತಾರೆ. ಅದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ವಿದೇಶಿ ಹೆಸರಿನ ಎಷ್ಟೋ ಕಾರುಗಳು ನಮ್ಮ ದೇಶದಲ್ಲೇ ಜೋಡಣೆಯಾಗಿ, ಇಲ್ಲಿಯ ಪರೀಕ್ಷೆ ಪಾಸಾಗಿ ಬಂದವು. ಅವುಗಳ ಮಾತು ಬಿಡಿ. ನಮ್ಮ ಪ್ರಶ್ನೆ ಹಡಗಿನಿಂದ ಇಳಿದು, ಇಲ್ಲಿಯ ಪರೀಕ್ಷೆಯನ್ನೇ ಎದುರಿಸದೆ ರಸ್ತೆಗೆ ಬರುವ ಗಾಡಿಗಳ ಬಗ್ಗೆ. ಅವುಗಳಿಗೆ ಅಪ್ಪಣೆ ಕೊಟ್ಟವರು ಯಾರು? ಯಾವ ಷರತ್ತಿನ ಮೇಲೆ ಕೊಟ್ಟರು? ಆ ಷರತ್ತುಗಳಲ್ಲಿ ಕನ್ನಡ ನಾಡಿನ ಡ್ರೈವರ್, ಮೆಕ್ಯಾನಿಕ್, ದಾರಿಹೋಕ ಎಲ್ಲಿದ್ದಾರೆ?

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೬ನೇ ನಿಯಮ ಅಂತ ಒಂದಿದೆ. ಕಂಪನಿ ಯಾವುದೇ ಇರಲಿ, ಹೊಸ ಮಾದರಿಯ ಗಾಡಿಯನ್ನು ಮಾರಾಟಕ್ಕೆ ಬಿಡುವ ಮೊದಲು ಪುಣೆಯ ಎ.ಆರ್.ಎ.ಐ., ಹರಿಯಾಣದ ಮಾನೇಸರದ ಐಕ್ಯಾಟ್ ಮುಂತಾದ ಸರ್ಕಾರ ಒಪ್ಪಿದ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು. ಬ್ರೇಕು, ದೀಪ, ಸ್ಟಿಯರಿಂಗು, ಹೊಗೆ, ಡಿಕ್ಕಿಯಾದರೆ ಒಳಗೆ ಕೂತವರ ಗತಿ, ಎಲ್ಲವನ್ನೂ ನೋಡಿದ ಮೇಲೆಯೇ ಸೈ ಎನ್ನಬೇಕು. ಇದು ನಿಯಮ.

೨೦೧೮ರ ಸೆಪ್ಟೆಂಬರಿನಲ್ಲಿ ಇದೇ ನಿಯಮಕ್ಕೆ ಕೇಂದ್ರ ಸರ್ಕಾರ ಒಂದು ಕಿಂಡಿ ಕೊರೆಯಿತು. ಒಂದು ಕಂಪನಿ ವರ್ಷಕ್ಕೆ ೨,೫೦೦ ಕಾರುಗಳವರೆಗೆ ಹೊರದೇಶದಿಂದ ನೇರ ತರಿಸಿಕೊಳ್ಳಬಹುದು, ಅವಕ್ಕೆ ಇಲ್ಲಿ ಮತ್ತೆ ಪರೀಕ್ಷೆ ಬೇಡ. ಸ್ಟಿಯರಿಂಗ್ ಬಲಗಡೆ ಇರಬೇಕು. ಯುರೋಪಿನ ಅಥವಾ ಜಪಾನಿನ ಮಾನದಂಡಕ್ಕೆ ಒಪ್ಪಿದ ಸರ್ಟಿಫಿಕೇಟು ಇರಬೇಕು. ಅಷ್ಟಿದ್ದರೆ ಆಯಿತು. ಅದಕ್ಕೂ ಮೊದಲು ಇಂಥ ರಿಯಾಯಿತಿ ೪೦,೦೦೦ ಡಾಲರಿಗೂ ಹೆಚ್ಚಿನ ಬೆಲೆಯ ಅಥವಾ ದೊಡ್ಡ ಎಂಜಿನ್ನಿನ ಕಾರುಗಳಿಗೆ ಮಾತ್ರ ಇತ್ತು. ೨೦೧೮ರಲ್ಲಿ ಆ ಮಿತಿಯೂ ಹೋಯಿತು.

ಈಗ ಈ ಕಿಂಡಿಯ ಮುಂದೆ ಸಾಲು ಉದ್ದವಾಗುವ ಕಾಲ ಬಂದಿದೆ. ೨೦೨೫ರ ಜುಲೈ ೨೪ರಂದು ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ, ನಿಗದಿಯಾದ ಸಂಖ್ಯೆಯೊಳಗೆ ಬರುವ ಅಲ್ಲಿಯ ಕಾರುಗಳ ಮೇಲಿನ ಸುಂಕವನ್ನು ನೂರಕ್ಕೆ ನೂರಕ್ಕೂ ಮೇಲಿದ್ದದ್ದರಿಂದ ಹಂತ ಹಂತವಾಗಿ ಶೇಕಡಾ ೧೦ಕ್ಕೆ ಇಳಿಸಲು ಒಪ್ಪಲಾಗಿದೆ. ಸುಂಕ ಎಷ್ಟು ಇಳಿಯಬೇಕು ಎಂದು ದೆಹಲಿ ಮತ್ತು ಲಂಡನ್ನಿನಲ್ಲಿ ವರ್ಷಗಟ್ಟಲೆ ಚೌಕಾಸಿ ನಡೆಯಿತು. ಬರುವ ಗಾಡಿಯನ್ನು ದಾವಣಗೆರೆಯ ಡ್ರೈವರ್ ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ಯಾರಾದರೂ ಒಂದು ದಿನ ಕೂತು ಮಾತಾಡಿದರೇ?

ನ್ಯಾಯವಾದ ಮಾತು ಹೇಳಬೇಕು. ಹೊರದೇಶದ ಗಾಡಿ ಎಂದರೆ ಅಪಾಯ, ನಮ್ಮದೆಂದರೆ ಭದ್ರ ಎಂದು ನಾವು ಹೇಳುತ್ತಿಲ್ಲ. ೨೦೧೪ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಕಾರುಗಳ ಮೂಲ ಮಾದರಿಗಳನ್ನು ಗೋಡೆಗೆ ಡಿಕ್ಕಿ ಹೊಡೆಸಿ ನೋಡಿತು. ಆಲ್ಟೊ ೮೦೦, ನ್ಯಾನೋ, ಐ೧೦, ಫಿಗೋ, ಪೋಲೋ. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ! ಡಿಕ್ಕಿ ಪರೀಕ್ಷೆ ನಮ್ಮಲ್ಲಿ ಹೊಸ ಮಾದರಿಗಳಿಗೆ ಕಡ್ಡಾಯವಾದದ್ದು ೨೦೧೭ರ ಅಕ್ಟೋಬರಿನಿಂದ, ಡ್ರೈವರ್ ಏರ್‌ಬ್ಯಾಗು ಕಡ್ಡಾಯವಾದದ್ದು ೨೦೧೯ರ ಜುಲೈಯಿಂದ. ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ನಕ್ಷತ್ರ ಕೊಡಲು ಶುರುಮಾಡಿದ್ದು ೨೦೨೩ರಲ್ಲಿ. ಹಾಗಾಗಿ ಯುರೋಪಿನ ಮಾನದಂಡ ನಮಗಿಂತ ಮೇಲಿದ್ದರೆ ಬರಲಿ, ಸ್ವಾಗತ. ಆದರೆ ಯುರೋಪಿನ ಮಾನದಂಡ ಯುರೋಪಿನ ರಸ್ತೆಗೆ, ಯುರೋಪಿನ ಹವೆಗೆ, ಯುರೋಪಿನ ಜನಕ್ಕೆ ಅಂತ ಮಾಡಿದ್ದು. ಅದನ್ನು ಹಾಗೇ ಎತ್ತಿಕೊಂಡು ಬಂದರೆ ಸಾಕೇ?

ಹೆಡ್‌ಲೈಟನ್ನೇ ತೆಗೆದುಕೊಳ್ಳಿ. ನಾವು ರಸ್ತೆಯ ಎಡಗಡೆ ಓಡಿಸುವವರು. ಹಾಗಾಗಿ ನಮ್ಮ ಗಾಡಿಯ ದೀಪ ಎಡಕ್ಕೆ ಸ್ವಲ್ಪ ಮೇಲೆತ್ತಿ ದಾರಿಬದಿಯನ್ನು ತೋರಿಸುತ್ತದೆ, ಬಲಕ್ಕೆ ತಗ್ಗಿ ಎದುರಿನವನ ಕಣ್ಣು ಉಳಿಸುತ್ತದೆ. ಜರ್ಮನಿ, ಅಮೆರಿಕ, ದುಬೈಗಳಲ್ಲಿ ಇದು ತಿರುಗುಮುರುಗು. ಅಲ್ಲಿಗೆ ಮಾಡಿದ ದೀಪವನ್ನು ಇಲ್ಲಿ ಹಚ್ಚಿದರೆ ಎದುರಿನಿಂದ ಬರುವವನ ಕಣ್ಣಿಗೇ ಬೆಳಕು ಚುಚ್ಚುತ್ತದೆ. ರಸ್ತೆ ಮಧ್ಯೆ ವಿಭಜಕವಿಲ್ಲದ ಚನ್ನಗಿರಿ ಕಡೆಯ, ಜಗಳೂರು ಕಡೆಯ ದಾರಿಗಳಲ್ಲಿ ರಾತ್ರಿ ಬೈಕಿನಲ್ಲಿ ಬರುವವನನ್ನು ನೆನೆಸಿಕೊಳ್ಳಿ. ಒಂದು ಪಕ್ಕ ಒಣಹಾಕಿದ ಮೆಕ್ಕೆಜೋಳದ ರಾಶಿ, ಇನ್ನೊಂದು ಪಕ್ಕ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು. ಎರಡು ಕ್ಷಣ ಕಣ್ಣು ಕತ್ತಲಾದರೆ ಸಾಕು, ಒಂದು ಮನೆಯ ದೀಪ ಆರುತ್ತದೆ.

ಕೇಂದ್ರದ ಆಮದು ನೀತಿಯಲ್ಲಿ ಈ ಬಗ್ಗೆ ಒಳ್ಳೆಯ ಷರತ್ತುಗಳೇ ಇವೆ. ಸ್ಟಿಯರಿಂಗ್ ಬಲಗಡೆ ಇರಬೇಕು, ವೇಗದ ಮೀಟರು ಮೈಲಿಯಲ್ಲಲ್ಲ, ಕಿಲೋಮೀಟರಿನಲ್ಲಿ ತೋರಿಸಬೇಕು, ಹೆಡ್‌ಲೈಟು ಎಡಗಡೆ ಓಡಾಟಕ್ಕೆ ಹೊಂದಬೇಕು. ಹಳೇ ಗಾಡಿ ತರುವುದಾದರೆ ತಯಾರಾಗಿ ಮೂರು ವರ್ಷ ಮೀರಿರಬಾರದು. ಮೀಟರು ನಮ್ಮ ಲೆಕ್ಕದಲ್ಲಿರಬೇಕು, ದೀಪ ನಮ್ಮ ರಸ್ತೆಗೆ ಬಾಗಬೇಕು ಎಂದು ಒಪ್ಪಿಕೊಂಡ ಮೇಲೆ ತತ್ವವೊಂದನ್ನು ಒಪ್ಪಿದಂತಾಯಿತು: ಬರುವ ಗಾಡಿ ಇಲ್ಲಿಯ ನೆಲಕ್ಕೆ ಹೊಂದಿಕೊಳ್ಳಬೇಕು. ಆ ತತ್ವವನ್ನು ಅರ್ಧಕ್ಕೇ ನಿಲ್ಲಿಸಿದ್ದೇಕೆ?

ಹವೆಯ ಮಾತು ಬಂದರೆ ಟಕಾಟಾ ಏರ್‌ಬ್ಯಾಗಿನ ಕತೆ ನೆನಪಿಸಿಕೊಳ್ಳಬೇಕು. ಜಪಾನಿನ ಆ ಕಂಪನಿಯ ಏರ್‌ಬ್ಯಾಗು ಪ್ರಪಂಚದ ದೊಡ್ಡ ದೊಡ್ಡ ಕಾರು ಕಂಪನಿಗಳಿಗೆ ಹೋಗುತ್ತಿತ್ತು. ಅದಕ್ಕೂ ಸರ್ಟಿಫಿಕೇಟು ಇತ್ತು. ಆದರೆ ಚೀಲ ಉಬ್ಬಿಸುವ ಅಮೋನಿಯಂ ನೈಟ್ರೇಟ್ ರಾಸಾಯನಿಕ ವರ್ಷಗಟ್ಟಲೆ ಬಿಸಿಲು ಮತ್ತು ತೇವಕ್ಕೆ ಸಿಕ್ಕಿ ಕೆಟ್ಟಿತು. ಡಿಕ್ಕಿಯಾದಾಗ ಕಾಪಾಡಬೇಕಾದ ಸಾಧನವೇ ಸಿಡಿದು ಲೋಹದ ಚೂರು ಎದೆಗೆ, ಕುತ್ತಿಗೆಗೆ ನುಗ್ಗಿತು. ಅಮೆರಿಕ ಒಂದರಲ್ಲೇ ಸುಮಾರು ೬.೭ ಕೋಟಿ ಸಾಧನಗಳನ್ನು ವಾಪಸು ಕರೆಸಬೇಕಾಯಿತು. ಅದರಲ್ಲೂ ಬಿಸಿ ಮತ್ತು ತೇವ ಹೆಚ್ಚಿರುವ ಪ್ರದೇಶಗಳಿಗೆ ಮೊದಲ ಆದ್ಯತೆ ಕೊಟ್ಟರು. ಮಂಗಳೂರು, ಕಾರವಾರಗಳ ಹವೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ತಣ್ಣನೆ ದೇಶದ ಕಾಗದ ನೋಡಿ ಬಿಸಿ ದೇಶದವರು ಕಣ್ಣು ಮುಚ್ಚಿ ಸಹಿ ಹಾಕಬಾರದು ಎನ್ನಲು ಇದಕ್ಕಿಂತ ಪಾಠ ಬೇಕೇ?

ಇನ್ನು ಭಾಷೆಯ ಮಾತು. ಏರ್‌ಬ್ಯಾಗು ಇರುವ ಮುಂದಿನ ಸೀಟಿನ ಮೇಲೆ ಹಿಂದಕ್ಕೆ ಮುಖ ಮಾಡಿದ ಮಗುವಿನ ಸೀಟು ಇಟ್ಟರೆ, ಏರ್‌ಬ್ಯಾಗು ಉಬ್ಬಿದ ಏಟಿಗೇ ಮಗು ಸಾಯಬಹುದು. ಆದ್ದರಿಂದಲೇ ಯುರೋಪು ಪಾಲಿಸುವ ವಿಶ್ವಸಂಸ್ಥೆಯ ವಾಹನ ನಿಯಮದಲ್ಲಿ ಈ ಎಚ್ಚರಿಕೆಯನ್ನು ಕಾರಿನೊಳಗೆ ಅಂಟಿಸಬೇಕು, ಮತ್ತು ಅದರ ವಿವರವನ್ನು ಬಳಕೆ ಪುಸ್ತಕದಲ್ಲಿ ಕಾರು ನೋಂದಣಿಯಾಗುವ ದೇಶದ ಅಧಿಕೃತ ಭಾಷೆಯಲ್ಲಿ ಬರೆದಿರಬೇಕು ಎಂದಿದೆ. ಎಸ್ಟೋನಿಯಾ ಅಂತ ಒಂದು ದೇಶ. ಜನಸಂಖ್ಯೆ ಹದಿನಾಲ್ಕು ಲಕ್ಷದ ಹತ್ತಿರ, ನಮ್ಮ ದಾವಣಗೆರೆ ಜಿಲ್ಲೆಗಿಂತ ಕಡಿಮೆ! ಅಲ್ಲಿಯ ತಾಯಿಗೆ ಅವಳ ಭಾಷೆಯಲ್ಲಿ ಎಚ್ಚರಿಕೆ ಸಿಗಬೇಕೆಂಬುದು ಆ ನಿಯಮದ ಆಶಯ. ೨೦೧೧ರ ಜನಗಣತಿಯಂತೆ ೪.೩೭ ಕೋಟಿ ಜನರ ತಾಯ್ನುಡಿ ಕನ್ನಡ. ಇಲ್ಲಿಯ ತಾಯಿಗೆ? ನಿಮ್ಮ ಕಾರಿನ ಮುಂದಿನ ಬಿಸಿಲು ಮರೆ ಇಳಿಸಿ ನೋಡಿ. ಒಂದು ಚಿತ್ರ, ಅದರ ಪಕ್ಕ ಇಂಗ್ಲಿಷಿನ ನಾಲ್ಕು ಸಾಲು. ಯುರೋಪಿನ ಮಾನದಂಡ ಸಾಕು ಎನ್ನುವವರು ಆ ಮಾನದಂಡದ ಈ ಅಂಶವನ್ನು ಮಾತ್ರ ಬಂದರಿನಲ್ಲೇ ಬಿಟ್ಟು ಬರುವುದು ಯಾವ ನ್ಯಾಯ?

ಕೆನಡಾದ ಕ್ವಿಬೆಕ್ ಪ್ರಾಂತ್ಯ ೧೯೭೭ರಲ್ಲೇ ಫ್ರೆಂಚ್ ಭಾಷಾ ಶಾಸನ ಮಾಡಿತು. ಅಲ್ಲಿ ಮಾರುವ ಸರಕಿನ ಬಳಕೆ ಸೂಚನೆ, ಗ್ಯಾರಂಟಿ ಪತ್ರ ಫ್ರೆಂಚಿನಲ್ಲಿ ಇರಲೇಬೇಕು. ಕಾರು ಕಂಪನಿಗಳು ಅಂಗಡಿ ಮುಚ್ಚಿಕೊಂಡು ಓಡಿಹೋದವೇ? ಇಲ್ಲ, ಫ್ರೆಂಚಿನಲ್ಲಿ ಪುಸ್ತಕ ಅಚ್ಚು ಹಾಕಿಸಿದವು. ನಮ್ಮಲ್ಲಿ ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವಿದೆ. ಅದು ಸರಕಿನ ಹೆಸರು, ಬಳಕೆ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುವುದು ರಾಜ್ಯದಲ್ಲೇ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಮಾತಿಗೆ. ಹಡಗಿನಿಂದ ಇಳಿದದ್ದಕ್ಕೆ ಆ ಹಂಗಿಲ್ಲ. ಅಂದರೆ ಹರಿಹರದವನು ಮಾಡಿದ ಸಾಮಾನಿಗೆ ಕನ್ನಡದ ನಿಯಮ, ಹ್ಯಾಂಬರ್ಗಿನಿಂದ ಬಂದದ್ದಕ್ಕೆ ಮಾಫಿ!

ಇನ್ನೊಂದು ಚೋದ್ಯ ನೋಡಿ. ಹೊರದೇಶದಲ್ಲಿ ನೋಂದಣಿಯಾದ ಖಾಸಗಿ ಗಾಡಿ ಪ್ರವಾಸಕ್ಕೆ ಬಂದು ಹೋಗುವುದಕ್ಕೂ ೨೦೨೨ರಲ್ಲಿ ಕೇಂದ್ರ ನಿಯಮ ಮಾಡಿತು. ಅದರ ಕಾಗದಪತ್ರ ಬೇರೆ ಭಾಷೆಯಲ್ಲಿದ್ದರೆ ಅಧಿಕೃತ ಇಂಗ್ಲಿಷ್ ಅನುವಾದ ಜೊತೆಯಲ್ಲಿರಬೇಕಂತೆ. ಓದಲಾಗದ ಕಾಗದ ಕಾಗದವೇ ಅಲ್ಲ ಎಂಬುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ ಎಂದಾಯಿತು. ಅಧಿಕಾರಿಗೆ ಓದಲು ಬರಬೇಕು, ಸರಿ. ಗಾಡಿ ಓಡಿಸುವವನಿಗೆ, ರಿಪೇರಿ ಮಾಡುವವನಿಗೆ ಓದಲು ಬರಬೇಡವೇ?

ಹರಿಹರದ ಮಾತು ಬಂತು. ೧೯೪೧ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತು ಯಂತ್ರಗಳು ದೇಶದ ಮೂಲೆಮೂಲೆಗೆ ಹೋದವು. ಕಾರ್ಖಾನೆ ಇವತ್ತಿಲ್ಲ. ಆದರೆ ಕಬ್ಬಿಣ ಬಲ್ಲ ಕೈಗಳು ಈ ಸೀಮೆಯಲ್ಲಿ ಇನ್ನೂ ಇವೆ. ಹಳೇ ಪಿ.ಬಿ. ರಸ್ತೆಯ ಗ್ಯಾರೇಜುಗಳ ಹುಡುಗರು ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳಬಲ್ಲರು. ಅವರಿಗೆ ಬುದ್ಧಿಯ ಕೊರತೆಯಿಲ್ಲ, ಅವರ ಭಾಷೆಯಲ್ಲಿ ಪುಸ್ತಕದ ಕೊರತೆಯಿದೆ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಯೊಳಗೆ ನೂರಾರು ವೋಲ್ಟ್ ಹರಿಯುತ್ತದೆ. ಅಪಘಾತದ ಹೊತ್ತಿನಲ್ಲಿ ಅದನ್ನು ಮುಟ್ಟಬಾರದು ಎನ್ನುವ ಸೂಚನೆ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ, ಒಳಗಿದ್ದವರನ್ನು ಎಳೆದು ತೆಗೆಯಲು ಓಡಿಬರುವ ಹಳ್ಳಿಯ ಹುಡುಗನ ಗತಿಯೇನು?

ಇದು ಮುಂಬಾಗಿಲಿನ ಕತೆ. ಹಿಂಬಾಗಿಲು ಇನ್ನೂ ಘೋರ. ೨೦೨೫ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್ ಇಲಾಖೆ ನಮ್ಮ ಪಕ್ಕದ ಕೇರಳದಲ್ಲಿ ‘ಆಪರೇಷನ್ ನುಮ್‌ಖೋರ್’ ನಡೆಸಿ ಮೂವತ್ತಕ್ಕೂ ಹೆಚ್ಚು ಗಾಡಿಗಳನ್ನು ವಶಪಡಿಸಿಕೊಂಡಿತು. ನುಮ್‌ಖೋರ್ ಎಂದರೆ ಭೂತಾನದ ಭಾಷೆಯಲ್ಲಿ ವಾಹನ. ಅಲ್ಲಿಂದ ಹಳೇ ಗಾಡಿಗಳನ್ನು ಕಳ್ಳದಾರಿಯಲ್ಲಿ ತಂದು, ಸುಳ್ಳು ಕಾಗದ ಹುಟ್ಟಿಸಿ, ಉತ್ತರದ ರಾಜ್ಯಗಳಲ್ಲಿ ನೋಂದಣಿ ಮಾಡಿಸಿ ದಕ್ಷಿಣದಲ್ಲಿ ಮಾರಿದರು ಎಂಬುದು ಇಲಾಖೆಯ ಆರೋಪ. ಇಂಥ ಗಾಡಿ ಯಾವ ಕಂಪನಿಯ ಪಟ್ಟಿಯಲ್ಲೂ ಇರುವುದಿಲ್ಲ. ೨೦೧೯ರ ತಿದ್ದುಪಡಿಯಿಂದ ದೋಷವಿರುವ ಮಾದರಿಯನ್ನು ವಾಪಸು ಕರೆಸಲು ಕಂಪನಿಗೆ ಆದೇಶ ಕೊಡುವ ಅಧಿಕಾರ ಕೇಂದ್ರಕ್ಕೆ ಬಂದಿದೆ. ಆದರೆ ಕಂಪನಿಗೇ ಗೊತ್ತಿಲ್ಲದ ಗಾಡಿಯನ್ನು ವಾಪಸು ಕರೆಯುವವರು ಯಾರು? ಅಗ್ಗಕ್ಕೆ ಸಿಕ್ಕಿತೆಂದು ಮೂರನೇ ಕೈಯಿಂದ ಕೊಂಡವನು ಮೋಸ ಹೋಗುತ್ತಾನೆ, ಮನೆಮಂದಿಯ ಜೀವ ಪಣಕ್ಕಿಟ್ಟು.

ನಮ್ಮ ಸಾರಿಗೆ ಇಲಾಖೆ ಕೆಲಸ ಮಾಡಲಾರದ್ದೇನೂ ಅಲ್ಲ. ೨೦೨೫ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹೊರರಾಜ್ಯದ ನೋಂದಣಿಯ ೩೦ ಐಷಾರಾಮಿ ಕಾರುಗಳನ್ನು ಹಿಡಿದು ಸುಮಾರು ೩ ಕೋಟಿ ರೂಪಾಯಿ ತೆರಿಗೆ ವಂಚನೆ ಬಯಲಿಗೆಳೆಯಿತು. ಭೇಷ್! ಆದರೆ ತೆರಿಗೆಗೆ ತೆರೆಯುವ ಕಣ್ಣು ಸುರಕ್ಷತೆಗೂ ತೆರೆಯಬೇಕಲ್ಲವೇ? ಆಮದು ಕೇಂದ್ರದ ಕೈಯಲ್ಲಿದೆ, ನಿಜ. ನೋಂದಣಿ ಮಾಡುವವರು ನಮ್ಮ ಆರ್‌ಟಿಓಗಳು. ಕೆಎ-೧೭ ಎಂಬ ಫಲಕ ಕೊಡುವ ಮುನ್ನ ದೀಪ, ಮೀಟರು, ಸ್ಟಿಯರಿಂಗು ನೋಡಲು ದೆಹಲಿಯ ಅಪ್ಪಣೆ ಬೇಕಾಗಿಲ್ಲ.

ರಸ್ತೆಯ ದುಃಖ ಏನೆಂದು ಈ ಊರಿಗೆ ಯಾರೂ ಕಲಿಸಬೇಕಾಗಿಲ್ಲ. ೨೦೨೧ರ ಜನವರಿ ೧೫ರ ಬೆಳಗ್ಗೆ ಧಾರವಾಡದ ಇಟಿಗಟ್ಟಿ ಬಳಿ ಟಿಪ್ಪರಿಗೆ ಟೆಂಪೋ ಡಿಕ್ಕಿಯಾಗಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಸೇರಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಅದಕ್ಕೆ ಹೊರದೇಶದ ಗಾಡಿ ಕಾರಣವಲ್ಲ. ಆದರೆ ರಸ್ತೆಯ ಮೇಲೆ ಒಂದು ಸಣ್ಣ ಸಡಿಲಿಕೆಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಆ ದಿನ ಊರು ಕಂಡಿದೆ.

ಆದ್ದರಿಂದ ನಮ್ಮ ಹಕ್ಕೊತ್ತಾಯ ಇಷ್ಟು. ಒಂದು, ಪರೀಕ್ಷೆಯಿಲ್ಲದೆ ಬರುವ ಪ್ರತಿ ಮಾದರಿಯ ಒಂದು ಗಾಡಿಯನ್ನಾದರೂ ನಮ್ಮ ಬಿಸಿಲು, ಧೂಳು, ಉಬ್ಬುತಗ್ಗುಗಳಲ್ಲಿ ಓಡಿಸಿ ನೋಡಬೇಕು. ಎರಡು, ಕರ್ನಾಟಕದಲ್ಲಿ ಮಾರುವ ಪ್ರತಿ ಆಮದು ಗಾಡಿಯ ಬಳಕೆ ಪುಸ್ತಕ, ಏರ್‌ಬ್ಯಾಗು ಮತ್ತು ವಿದ್ಯುತ್ ಎಚ್ಚರಿಕೆಗಳು ಕನ್ನಡದಲ್ಲಿರಬೇಕು. ಇದಕ್ಕಾಗಿ ೨೦೨೨ರ ಅಧಿನಿಯಮಕ್ಕೆ ರಾಜ್ಯ ಸರ್ಕಾರ ತಿದ್ದುಪಡಿ ತರಬೇಕು. ಮೂರು, ಕಂಪನಿಗಳು ದೋಷಕ್ಕಾಗಿ ಗಾಡಿ ವಾಪಸು ಕರೆಯುವಾಗ ಕನ್ನಡ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ನಾಲ್ಕು, ಹೊರರಾಜ್ಯದಿಂದ ಬರುವ ಆಮದು ಗಾಡಿಗಳ ಮೂಲ ಕಸ್ಟಮ್ಸ್ ಕಾಗದ ನೋಡದೆ ಆರ್‌ಟಿಓಗಳು ಮರುನೋಂದಣಿ ಮಾಡಬಾರದು.

ಸರ್ಕಾರ ಕೇಳುವವರೆಗೆ ನೀವು ಕೈಕಟ್ಟಿ ಕೂರಬೇಕಿಲ್ಲ. ಶೋರೂಮಿಗೆ ಹೋದಾಗ ಕನ್ನಡದಲ್ಲೇ ಮೂರು ಪ್ರಶ್ನೆ ಕೇಳಿ: ಈ ಗಾಡಿ ಎಲ್ಲಿ ಪರೀಕ್ಷೆಯಾಗಿದೆ? ದೋಷ ಕಂಡರೆ ನನಗೆ ತಿಳಿಸುವವರು ಯಾರು? ಇದರ ಪುಸ್ತಕ ಕನ್ನಡದಲ್ಲಿ ಎಲ್ಲಿದೆ? ಒಬ್ಬರು ಕೇಳಿದರೆ ನಗುತ್ತಾರೆ. ಹತ್ತು ಜನ ಕೇಳಿದರೆ ಮೇಲಿನವರಿಗೆ ಫೋನು ಮಾಡುತ್ತಾರೆ. ನೂರು ಜನ ಕೇಳಿದರೆ ಪುಸ್ತಕ ತಾನಾಗಿಯೇ ಅಚ್ಚಾಗುತ್ತದೆ. ಗಾಡಿ ಯಾವ ದೇಶದ್ದಾದರೂ ಆಗಲಿ, ಅದರೊಳಗೆ ಕೂರುವ ಮಗು ನಮ್ಮದು. ಕೇಳಿ.