ಮುಖ ನೋಡಿ ಮಣೆ

ಕುವೆಂಪುನಗರಕ್ಕೆ ಹೊಸದಾಗಿ ಬಂದ ನೆಂಟರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಕವಿಗಳ ಮನೆ ಯಾವ ಬೀದಿಯಲ್ಲಿದೆ?" ಕವಿಗಳ 'ಉದಯರವಿ' ಇರುವುದು ಇಲ್ಲಲ್ಲ, ಒಂಟಿಕೊಪ್ಪಲಿನ ಕಡೆಗೆ, ಎಂದು ನಾನು ಹೇಳಿದೊಡನೆ ಅವರ ಮುಖದಲ್ಲಿ ಮೋಸಹೋದವರ ಕಳೆಯೊಂದು ಮೂಡುತ್ತದೆ. ಹೊರಗಿನ ಹಲಗೆ ಒಂದನ್ನು ಹೇಳಿ ಒಳಗೆ ಇನ್ನೊಂದು ಇದ್ದಾಗ ಆಗುವ ಬೇಸರ ಅದು. ಈ ಬೇಸರವು ಕಳೆದ ತಿಂಗಳು ನನಗೆ ಬೇರೊಂದು ಸಂದರ್ಭದಲ್ಲಿ ಉಪಯೋಗಕ್ಕೆ ಬಂದಿತೆಂದರೆ ವಾಚಕರು ನಗಬಹುದು.

ಭಾನುವಾರ ಬೆಳಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬೆಂಗಳೂರಿನ ಒಳ್ಳೆಯ ಕೆಲಸವನ್ನು ಬಿಟ್ಟು ಒಂದೂವರೆ ವರ್ಷದಿಂದ ಅಕ್ಕನೊಡನೆ ಸೇರಿ ಒಂದು ಕಂಪ್ಯೂಟರ್ ಆಟವನ್ನು ಕಟ್ಟುತ್ತಿದ್ದಾನೆ. ಕಟ್ಟುವವನು ಅವನು, ಚಿತ್ರ ಬರೆಯುವವಳು ಅಕ್ಕ. ಅವನಿಗೆ ಈ ಹುಚ್ಚು ಹಿಡಿಸಿದ ಪಾಪದಲ್ಲಿ ನನಗೂ ಒಂದು ಪಾಲುಂಟು. ಚಿತ್ರಕಾವ್ಯದ ಪಾಠ ಮಾಡುವಾಗ ತುರಗಪದ ಬಂಧವನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದವನು ನಾನೇ. ಒಂಬತ್ತನೆಯ ಶತಮಾನದ ರುದ್ರಟನು ತನ್ನ 'ಕಾವ್ಯಾಲಂಕಾರ'ದಲ್ಲಿ ಇದನ್ನು ಕೊಟ್ಟಿದ್ದಾನೆ. ಅರ್ಧ ಚದುರಂಗದ ಮಣೆ, ಅಂದರೆ 32 ಮನೆ. ಅನುಷ್ಟುಪ್ ಶ್ಲೋಕಕ್ಕೂ 32 ಅಕ್ಷರ. ಮನೆಗೊಂದು ಅಕ್ಷರವನ್ನಿಟ್ಟು, ಕುದುರೆಯನ್ನು ಅದರ ಡೊಂಕು ನೆಗೆತದಲ್ಲಿ ಪ್ರತಿ ಮನೆಗೂ ಒಮ್ಮೆ ಮಾತ್ರ ಹಾಯಿಸಿದರೆ ಪದ್ಯವನ್ನು ಓದಬಹುದು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಈ ಕುದುರೆಯೋಟ ಪ್ರಾಣಪ್ರಿಯವಾಗಿತ್ತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅವರು ಬಗೆಬಗೆಯ ಮಣೆಗಳನ್ನೂ ಎಲೆಯಾಟಗಳನ್ನೂ ಕಲ್ಪಿಸುತ್ತ ಕಾಲ ಕಳೆದರು. ಪೂರ್ತಿ ಮಣೆಯ 64 ಮನೆಗಳನ್ನೂ ಸುತ್ತಿ, ಹೊರಟ ಮನೆಗೇ ಮರಳಬಲ್ಲ ದಾರಿಗಳು 13 ಲಕ್ಷ ಕೋಟಿಗೂ ಮಿಗಿಲೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಹುಡುಗನ ಆಟವೂ ಇದೇ: ಅಕ್ಷರಗಳು ಚದರಿಬಿದ್ದಿರುತ್ತವೆ, ಆಡುವವನು ಕುದುರೆಯನ್ನು ನಡೆಸಿ ಪದ್ಯವನ್ನು ಬಿಡಿಸಿಕೊಳ್ಳಬೇಕು. ನಾನು ಆಡಿ ನೋಡಿದೆ. ಕಾಫಿ ಆರಿಹೋದದ್ದು ತಿಳಿಯಲಿಲ್ಲ.

"ಆಟ ಮುಗಿದಿದೆ ಸರ್. ಮುಖಚಿತ್ರದ್ದೇ ತೊಂದರೆ. ನೀವು ಅಕ್ಕನಿಗೆ ಒಂದು ಮಾತು ಹೇಳಬೇಕು," ಎಂದ.

ಚಿತ್ರವನ್ನು ತೋರಿಸಿದ. ಎರಡು ತಿಂಗಳು ಕುಳಿತು ಬರೆದ ಚಿತ್ರವಂತೆ, ಅದು ಸುಳ್ಳಾಗಿರಲಾರದು. ಹಿಂದೆ ಚಾಮುಂಡಿಬೆಟ್ಟ, ಮುಂದೆ ದೀಪದಲಂಕಾರದ ಅರಮನೆ, ಎಡಕ್ಕೆ ಅಂಬಾರಿ ಹೊತ್ತ ಆನೆ, ನಡುವೆ ಮಣೆಯ ಮುಂದೆ ಕುಳಿತ ಮುಮ್ಮಡಿಯವರು, ಸುತ್ತಲೂ ಎಂಟು ಕುದುರೆ, ಮೇಲೆ ಶ್ಲೋಕದ ತೋರಣ. (ಮುಮ್ಮಡಿಯವರು ದಿವಂಗತರಾದದ್ದು 1868ರಲ್ಲಿ, ಈ ಅರಮನೆ ಮುಗಿದದ್ದು 1912ರಲ್ಲಿ. ಅದನ್ನು ನಾನು ಆಗ ಬಾಯಿಬಿಟ್ಟು ಹೇಳಲಿಲ್ಲ.) ಗೋಡೆಯ ಮೇಲೆ ತೂಗುಹಾಕಿದರೆ ಗಂಟೆಗಟ್ಟಲೆ ನೋಡಬಹುದಾದ ಕೆಲಸ.

ಆದರೆ ಅದು ಗೋಡೆಗೆ ಹೋಗುವ ಚಿತ್ರವಲ್ಲವಷ್ಟೆ! ಈ ಆಟಗಳನ್ನು ಮಾರುವ ದೊಡ್ಡ ಅಂಗಡಿಯ ಹೆಸರು ಸ್ಟೀಮ್. 100 ಡಾಲರ್ ಕಟ್ಟಿದ ಯಾರಾದರೂ ಅಲ್ಲಿ ತಮ್ಮ ಆಟವನ್ನು ಇಡಬಹುದು. 2024ನೆಯ ಒಂದೇ ವರ್ಷದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಆಟಗಳು ಅಲ್ಲಿಗೆ ಬಂದವು. ಪಟ್ಟಿಯಲ್ಲಿ ಕಾಣುವ ಸಣ್ಣ ಚಿತ್ರದ ಅಳತೆ 462 ಚುಕ್ಕೆ ಅಗಲ, 174 ಚುಕ್ಕೆ ಎತ್ತರ. ತೆರೆಯ ಮೇಲೆ ಅದು ಬಸ್ಸಿನ ಟಿಕೆಟಿನಷ್ಟು ಕಂಡರೆ ಹೆಚ್ಚು. ಆ ಅಳತೆಗೆ ಇಳಿಸಿದಾಗ ಅರಮನೆ ಹಳದಿಯ ಕಲೆಯಾಯಿತು, ಎಂಟು ಕುದುರೆಗಳು ಇರುವೆಗಳಾದವು, ಆಟದ ಹೆಸರು ತೋರಣದಲ್ಲಿ ಕರಗಿಹೋಯಿತು. ನನ್ನ ತಾಯಿಯವರು ಕನ್ನಡಕವಿಲ್ಲದೆ ನೋಡಿ, "ಊದುಬತ್ತಿ ಪೊಟ್ಟಣವೇನೋ?" ಎಂದುಬಿಟ್ಟರು. ಹುಡುಗ ತಲೆ ತಗ್ಗಿಸಿದ.

ನಿಜ ಹೇಳಬೇಕೆಂದರೆ ಊದುಬತ್ತಿಯವರಿಗೆ ಈ ವಿದ್ಯೆ ಚೆನ್ನಾಗಿ ತಿಳಿದಿದೆ. 1948ರಲ್ಲಿ ಇದೇ ಮೈಸೂರಿನಲ್ಲಿ ಎನ್. ರಂಗರಾಯರು ಆರಂಭಿಸಿದ ಉದ್ಯಮದ ಗುರುತು ಒಂದು ಸೈಕಲ್. ಅಕ್ಷರ ಬಾರದವನೂ ಅದನ್ನು ಗುರುತಿಸಬಲ್ಲ. ಯಾವ ಭಾಷೆಯವನಾದರೂ ಅದನ್ನು ಅದೇ ಹೆಸರಿನಿಂದ ಕೇಳಬಲ್ಲ. ಅಂಗಡಿಯ ಮೇಲಿನ ಅಟ್ಟದಲ್ಲಿದ್ದರೂ ಕಣ್ಣು ಅಲ್ಲಿಗೆ ಹೋಗುತ್ತದೆ.

ಮರುದಿನ ಸಂಜೆ ಅಕ್ಕನೇ ಬಂದಳು. ತಮ್ಮ ಎಲ್ಲವನ್ನೂ ಹೇಳಿಬಿಟ್ಟಿದ್ದನೆಂಬುದು ಅವಳ ಮುಖದಲ್ಲೇ ಬರೆದಿತ್ತು. ಕುಳಿತವಳೇ, "ಸರ್, ಟೆಟ್ರಿಸ್ ಆಟ ಗೊತ್ತೇ?" ಎಂದು ಕೇಳಿದಳು. ಮಾಸ್ಕೋದ ಪಜಿತ್ನೋವ್ 1984ರಲ್ಲಿ ಮಾಡಿದ ಆಟ. 1988ರಲ್ಲಿ ಸ್ಪೆಕ್ಟ್ರಮ್ ಹೋಲೋಬೈಟ್ ಎಂಬ ಸಂಸ್ಥೆ ಅದನ್ನು ಅಮೆರಿಕದಲ್ಲಿ ಮಾರಿದಾಗ ಪೆಟ್ಟಿಗೆಗೆ ಕೆಂಪು ಬಣ್ಣ ಬಳಿದು ಸಂತ ಬೇಸಿಲರ ಚರ್ಚಿನ ಚಿತ್ರ ಹಾಕಿತು. "ಬೀಳುವ ಇಟ್ಟಿಗೆಗೂ ಚರ್ಚಿಗೂ ಏನು ಸಂಬಂಧ? ಆದರೂ ಜನ ಕೊಳ್ಳಲಿಲ್ಲವೇ? ನಮ್ಮೂರ ಅರಮನೆ ಮಾಡಿದ ತಪ್ಪೇನು?"

ಒಳ್ಳೆಯ ಪೆಟ್ಟು. ನನಗೆ ಕೂಡಲೇ ಉತ್ತರ ತೋಚಲಿಲ್ಲ, ಪೂರ್ತಿ ಉತ್ತರ ಈಗಲೂ ತೋಚಿಲ್ಲ. ಊರಿನ ಗುರುತು ಗಿರಾಕಿಯನ್ನು ನಿಲ್ಲಿಸುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದು ಕೈಯಲ್ಲಿ ಹಿಡಿಯುವ ಪೆಟ್ಟಿಗೆ. ತಿರುಗಿಸಿದರೆ ಬೆನ್ನಿನ ಮೇಲೆ ವಿವರ ಓದಬಹುದಿತ್ತು. ಈ ಅಂಗಡಿಯ ಸಣ್ಣ ಚಿತ್ರಕ್ಕೆ ಬೆನ್ನಿಲ್ಲ. ಅಲ್ಲದೆ ಆ ಪೆಟ್ಟಿಗೆಯ ಮೇಲೆ ಒಂದು ಚರ್ಚು, ಒಂದು ಬಣ್ಣ. ಇವಳದರಲ್ಲಿ ಇಡೀ ದಸರಾ. ಒಗಟಿನ ಆಟಕ್ಕೆ ಇನ್ನೊಂದು ಕಷ್ಟವುಂಟು. ಯುದ್ಧದ ಆಟಕ್ಕೆ ಕತ್ತಿ ಹಿಡಿದ ವೀರನನ್ನು ಬರೆದರೆ ಮುಗಿಯಿತು, ಒಗಟಿಗೆ ಮುಖವೆಲ್ಲಿ? ಅಲ್ಲಿ ತೋರಿಸಬೇಕಾದದ್ದು ಯೋಚನೆಯ ಒಂದು ಗಂಟು. ಅಂಬಾರಿಯನ್ನು ನೋಡಿ ಬಂದವನು ಆನೆಯ ಸವಾರಿಯನ್ನು ನಿರೀಕ್ಷಿಸುತ್ತಾನೆ. ಒಳಗೆ ಅಕ್ಷರದ ಮಣೆ ಸಿಕ್ಕರೆ ನಮ್ಮ ನೆಂಟರ ಹಾಗೆ ಮುಖ ಮಾಡುತ್ತಾನೆ.

ಇಷ್ಟು ಹೇಳಿದರೂ ಅವಳು ಕರಗಲಿಲ್ಲ. ಕರಗಿಸಿದ್ದು ಗಂಜೀಫ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾಕೌಶಲ್ಯ'ವೆಂಬ ಹೆಸರಿನಲ್ಲಿ ಹಳೆಯ ಆಟಗಳ ಪ್ರದರ್ಶನ ನಡೆಸುತ್ತ ಬಂದಿದ್ದಾರಷ್ಟೆ. ಅವಳು ಅಲ್ಲಿಯೇ ಗಂಜೀಫದ ಪೆಟ್ಟಿಗೆಗಳನ್ನು ನೋಡಿ ಮನಸೋತವಳು. ಆ ಮರದ ಪೆಟ್ಟಿಗೆಯ ಜಾರುಮುಚ್ಚಳದ ಮೇಲೆ ಬಳ್ಳಿ, ಹೂವು, ದೇವತೆ, ಪರಿವಾರ ಎಲ್ಲವೂ ತುಂಬಿರುತ್ತವೆ. ಅದೇ ನನ್ನ ಮಾದರಿ, ಎಂದಳು.

"ಮುಚ್ಚಳ ಸರಿ. ಒಳಗಿನ ಎಲೆ ಹೇಗಿರುತ್ತದೆ?" ಎಂದೆ.

ಅವಳು ಮಾತಾಡಲಿಲ್ಲ. ದಶಾವತಾರ ಗಂಜೀಫದಲ್ಲಿ ಹತ್ತು ಬಣಗಳು, ಬಣಕ್ಕೆ ಹನ್ನೆರಡು, ಒಟ್ಟು 120 ದುಂಡನೆಯ ಎಲೆಗಳು. ರಾಜ, ಮಂತ್ರಿ ಎಂಬ ಎರಡನ್ನು ಬಿಟ್ಟರೆ ಉಳಿದ ಹತ್ತರಲ್ಲಿ ಬರಿಯ ಗುರುತು: ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ. ದೀಪದ ಮಬ್ಬಿನಲ್ಲಿ, ಅಂಗೈಯಗಲದ ಎಲೆಯಲ್ಲಿ, ಎದುರು ಕುಳಿತವನು ಒಂದೇ ನೋಟಕ್ಕೆ ತಿಳಿಯಬೇಕು; ಅದಕ್ಕೆಂದೇ ಕಲಾವಿದ ಬೇಡದ್ದನ್ನೆಲ್ಲ ಬಿಟ್ಟಿದ್ದಾನೆ. ಮುಚ್ಚಳವಾದರೋ ಪೆಟ್ಟಿಗೆ ಆಗಲೇ ಮನೆಗೆ ಬಂದವನಿಗೆ. ಅವನಿಗೆ ನೋಡುವ ವ್ಯವಧಾನವುಂಟು. ಅಂಗಡಿಯ ಬೀದಿಗೆ ಬೇಕಾದದ್ದು ಎಲೆಯ ಕಲೆ.

ಅವಳು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದಳು. "ಎರಡು ತಿಂಗಳು ಹೋಯಿತು ಸರ್," ಎಂದಳು. ಅದಕ್ಕೆ ನನ್ನಲ್ಲಿ ಸಮಾಧಾನದ ಮಾತಿರಲಿಲ್ಲ. ತಮ್ಮನ ಉಳಿತಾಯ ಮುಗಿಯುತ್ತ ಬಂದಿದೆ, ಮನೆಯಲ್ಲಿ ತಂದೆ ದಿನವೂ ಕೇಳುತ್ತಾರೆ ಎಂಬುದೆಲ್ಲ ಅಂದೇ ತಿಳಿಯಿತು.

ಹತ್ತು ದಿನದ ಮೇಲೆ ಇಬ್ಬರೂ ಜೊತೆಯಾಗಿ ಬಂದರು. ಆಟದ ಹೆಸರನ್ನು ಇಲ್ಲಿ ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಎರಡಕ್ಷರದ ಅಚ್ಚಗನ್ನಡ ಪದವೆಂದಷ್ಟೇ ಹೇಳಬಹುದು. ಈಗ ಚಿತ್ರದಲ್ಲಿ ಇರುವುದು ಆರೇ ಮನೆ, ಮೂರರಂತೆ ಎರಡು ಸಾಲು. ಮೊದಲ ಅಕ್ಷರ ಮೇಲುಸಾಲಿನ ಎಡತುದಿಯಲ್ಲಿ, ಎರಡನೆಯದು ಕೆಳಸಾಲಿನ ಬಲತುದಿಯಲ್ಲಿ. ಎರಡರ ನಡುವೆ ಸರಿಯಾಗಿ ಒಂದು ಕುದುರೆನೆಗೆತ! ಹೆಸರನ್ನು ಓದುವುದೇ ಆಟದ ಮೊದಲ ನಡೆ. ಫಿನ್ಲೆಂಡಿನ ಆರ್ವಿ ತೈಕಾರಿಯ 'ಬಾಬಾ ಈಸ್ ಯು' ಎಂಬ 2019ರ ಆಟದಿಂದ ಈ ಉಪಾಯ ಹೊಳೆಯಿತೆಂದಳು. ಅದರಲ್ಲಿ ಮಾತುಗಳನ್ನೇ ತಳ್ಳಿ ನಿಯಮಗಳನ್ನು ಬದಲಿಸಬೇಕು, ಆಟದ ಹೆಸರೂ ಅಂಥ ಒಂದು ನಿಯಮ. ಬಲಗಡೆ ಉಳಿದ ಜಾಗದಲ್ಲಿ ಕನ್ನಡ ಬಾರದವರಿಗಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು. ಕಡುನೀಲಿಯ ಮೇಲೆ ಗಂಜೀಫದ ಹಳದಿ, ಒಂದು ಕುದುರೆಯ ತಲೆ. ತಮ್ಮನು 'ಬುದ್ಧಿವಂತರಿಗೆ ಮಾತ್ರ' ಎಂದು ಕೆಳಗೆ ಸೇರಿಸಬೇಕೆಂದಿದ್ದನಂತೆ. ಪುಣ್ಯಕ್ಕೆ, 2022ರ ಸೆಪ್ಟೆಂಬರ್ 1ರಿಂದ ಹೊಗಳಿಕೆ, ಪ್ರಶಸ್ತಿ, ರಿಯಾಯಿತಿ ಇಂಥ ಬರಹಗಳನ್ನೆಲ್ಲ ಆ ಚಿತ್ರಗಳ ಮೇಲೆ ಅಂಗಡಿಯವರೇ ನಿಷೇಧಿಸಿದ್ದಾರೆ.

ಹಳೆಯ ಚಿತ್ರಕ್ಕೂ ಒಂದು ಸ್ಥಳ ಸಿಕ್ಕಿದೆ. ಆಟವನ್ನು ಕೊಂಡವರ ಸ್ವಂತ ಕಪಾಟಿನಲ್ಲಿ 3840 ಚುಕ್ಕೆ ಅಗಲ, 1240 ಚುಕ್ಕೆ ಎತ್ತರದ ಒಂದು ಹಿನ್ನೆಲೆ ಚಿತ್ರ ಇರುತ್ತದೆ. ಅದರ ಮೇಲೆ ಅಕ್ಷರಗಳಿರಕೂಡದು. ಶ್ಲೋಕದ ತೋರಣವನ್ನು ಬಿಚ್ಚಿ ಬೆಟ್ಟ, ಆನೆ, ಕುದುರೆಗಳನ್ನೆಲ್ಲ ಅಲ್ಲಿಗೆ ಸಾಗಿಸುತ್ತಿದ್ದಾಳೆ. 1912ರ ಅರಮನೆಯ ವಿಷಯವನ್ನು ಆಗ ಮೆಲ್ಲಗೆ ಹೇಳಿದೆ. "ಮೊದಲೇ ಹೇಳಬಾರದಿತ್ತೇ ಸರ್!" ಎಂದು ಗದರಿಸಿಕೊಂಡೆ.

ಕುದುರೆಯ ಕಿವಿಯೊಂದು ಮಾತ್ರ ಇನ್ನೂ ಸರಿಹೋಗಿಲ್ಲ. ಉಗುರಿನಷ್ಟು ಮಾಡಿದಾಗ ಅದು ಕತ್ತೆಯಂತೆ ಕಾಣುತ್ತದೆಂಬುದು ನನ್ನ ತಾಯಿಯವರ ತೀರ್ಪು. ಅವರ ಒಪ್ಪಿಗೆ ಪಡೆಯಲು ಬರುವ ಭಾನುವಾರ ಇಬ್ಬರೂ ಮತ್ತೆ ಬರುತ್ತಾರೆ.