ಹೊಸ ಗುರುವೂ ನಮ್ಮ ತಾಳ್ಮೆಯೂ

ಪುಣೆಯ ಐಎಸ್‌ಎಲ್ ಫುಟ್‌ಬಾಲ್ ತಂಡ 2019ರಲ್ಲಿ ಮುಚ್ಚಿದ ಮೇಲಂತೂ ಯೆರವಡೆಯ ನಮಗೆ ಬೆಂಗಳೂರು ಎಫ್‌ಸಿಯೇ ಗತಿ. ಅದೇ ವರ್ಷ ಲೀಗ್ ಗೆದ್ದಿದ್ದ ಈ ತಂಡಕ್ಕೆ 2023ರ ಕೊನೆಗೆ ಗೆಲುವೇ ಅಪರೂಪವಾಯಿತು. ಡಿಸೆಂಬರಿನಲ್ಲಿ ತರಬೇತುದಾರ ಸೈಮನ್ ಗ್ರೇಸನ್ ಹೋದರು. ಸ್ಪೇನಿನ ಜೆರಾರ್ಡ್ ಜರಗೋಜಾ ಬಂದರು. ಇನ್ನು ಗೆಲುವಿನ ಸುರಿಮಳೆಯೆಂದು ನಾವೆಲ್ಲ ಕಾದೆವು. ದೊರೆತದ್ದು 12 ತಂಡಗಳಲ್ಲಿ 10ನೆಯ ಸ್ಥಾನ! ಕಚೇರಿಗೆ ಹೊಸ ಸಾಹೇಬರು ಬಂದ ದಿನವೇ ಹಳೆಯ ಕಡತಗಳು ಕರಗುವುದುಂಟೆ? ಆದರೆ ಮರುವರ್ಷ ಅದೇ ಗುರುವಿನ ಕೈಯಲ್ಲಿ ತಂಡ ಫೈನಲ್ ಮುಟ್ಟಿತು. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ಹೆಚ್ಚುವರಿ ಸಮಯದವರೆಗೂ ಸೆಣಸಿ, ಮೋಹನ್ ಬಗಾನಿಗೆ 2-1ರಿಂದ ಸೋತಿತು. ಹೊಸಬರು ಯಾರೇ ಬರಲಿ, ಬಂಧುಗಳೆ, ಅವರಲ್ಲಿ ಆಸೆಯಿಡೋಣ. ಆಸೆಯ ಜೊತೆಗೆ ಒಂದು ವರ್ಷದ ಗಡುವನ್ನೂ ಕೊಡೋಣ.